ಆಟೋಟಗಳ ವರ್ಗೀಕರಣ: ಪ್ರೌಢಶಾಲೆ ಮಕ್ಕಳೂ ಪಿ.ಟಿ. ಮೇಷ್ಟ್ರುಗಳೂ ಪದೇ ಪದೇ ಕೇಳುವ ಪ್ರಶ್ನೆಗಳು

ದೈಹಿಕ ಶಿಕ್ಷಣದ ರೆಕಾರ್ಡ್ ಪುಸ್ತಕ ಬರೆಯುವಾಗ, ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಹೆಸರು ಬರೆಸುವಾಗ, ವಾರದ ಪಿ.ಟಿ. ಪೀರಿಯಡ್‌ಗಳನ್ನು ಹಂಚುವಾಗ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಶಾಲೆಗಳಲ್ಲಿ ಏಳುವ ಪ್ರಶ್ನೆಗಳಿವು. ಸಾಲಾಗಿ ಓದಲೇಬೇಕೆಂದಿಲ್ಲ. ಎರಡನೆಯದನ್ನು ಮಾತ್ರ ಬಿಡಬೇಡಿ, ಮಿಕ್ಕವೆಲ್ಲ ಅದರ ಮೇಲೆ ನಿಂತಿವೆ.

1. ದೈಹಿಕ ಚಟುವಟಿಕೆ, ವ್ಯಾಯಾಮ, ಆಟ, ಕ್ರೀಡೆ ಎಲ್ಲ ಒಂದೇ ಅಲ್ಲವೇ?

ಅಲ್ಲ. ಸ್ನಾಯುಗಳನ್ನು ದುಡಿಸಿ ಶಕ್ತಿ ಖರ್ಚು ಮಾಡುವ ಯಾವ ಚಲನೆಯಾದರೂ ದೈಹಿಕ ಚಟುವಟಿಕೆಯೇ. ಮಿನಿ ಟ್ಯಾಂಕಿನಿಂದ ಎರಡು ಕೊಡ ನೀರು ಹೊತ್ತು ತರುವುದು, ಹೊಲದಲ್ಲಿ ಶೇಂಗಾ ಕೀಳುವುದು, ಸೈಕಲ್ ತುಳಿದು ಶಾಲೆಗೆ ಬರುವುದು ಎಲ್ಲ ಇದರಲ್ಲಿ ಬರುತ್ತವೆ. ಅದನ್ನೇ ದೇಹವನ್ನು ಗಟ್ಟಿ ಮಾಡುವ ಉದ್ದೇಶದಿಂದ, ಲೆಕ್ಕವಿಟ್ಟು, ಮತ್ತೆ ಮತ್ತೆ ಮಾಡಿದರೆ ವ್ಯಾಯಾಮ. ಖುಷಿಗಾಗಿ, ಆಡುವವರೇ ಒಪ್ಪಿಕೊಂಡ ನಿಯಮದಲ್ಲಿ ನಡೆದರೆ ಆಟ. ಎಲ್ಲೆಡೆ ಒಂದೇ ನಿಯಮ, ಒಂದೇ ಅಳತೆಯ ಅಂಕಣ, ತೀರ್ಪುಗಾರ, ಸೋಲು ಗೆಲುವಿನ ದಾಖಲೆ ಇದ್ದರೆ ಕ್ರೀಡೆ.

ಒಂದೇ ಕೆಲಸ ಮೂರು ಹೆಸರು ಪಡೆಯಬಹುದು. ಬಸ್ಸು ತಪ್ಪೀತೆಂದು ಓಡಿದರೆ ಚಟುವಟಿಕೆ, ಬೆಳಿಗ್ಗೆ ಮೈದಾನಕ್ಕೆ ನಾಲ್ಕು ಸುತ್ತು ಹಾಕಿದರೆ ವ್ಯಾಯಾಮ, ಗೆರೆ ಎಳೆದು ಸ್ಟಾಪ್‌ವಾಚ್ ಹಿಡಿದರೆ ಕ್ರೀಡೆ.

2. ಕ್ರೀಡೆಗಳಲ್ಲಿ ಒಟ್ಟು ಎಷ್ಟು ವಿಧ?

ಈ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರವಿಲ್ಲ. ಹುಡುಕಿಕೊಂಡು ಹೋದವರಿಗೆ ಪುಸ್ತಕಕ್ಕೊಂದು ಸಂಖ್ಯೆ ಸಿಗುತ್ತದೆ. ಬಟ್ಟೆಯನ್ನು ಬಣ್ಣದ ಮೇಲೂ ವಿಂಗಡಿಸಬಹುದು, ಅಳತೆಯ ಮೇಲೂ ವಿಂಗಡಿಸಬಹುದು. ಆಟಗಳ ಲೆಕ್ಕವೂ ಹಾಗೆಯೇ. ಆದ್ದರಿಂದ ಮೊದಲು ಆಧಾರ ಬರೆಯಿರಿ, ಆಮೇಲೆ ಗುಂಪು ಬರೆಯಿರಿ. ‘ಕಬಡ್ಡಿ ಗುಂಪು ಆಟ’ ಎಂದಷ್ಟೇ ಬರೆದರೆ ಅರ್ಧ ಉತ್ತರ. ‘ಆಟಗಾರರ ಸಂಖ್ಯೆಯ ಆಧಾರದ ಮೇಲೆ ಕಬಡ್ಡಿ ಗುಂಪು ಆಟ’ ಎಂದರೆ ಪೂರ್ತಿ.

ಶಾಲೆಯ ಮಟ್ಟಿಗೆ ಉಪಯೋಗಕ್ಕೆ ಬರುವ ಆಧಾರಗಳು ಆರು: ಎಷ್ಟು ಜನ ಆಡುತ್ತಾರೆ, ಮೈಗೆ ಮೈ ತಾಗುತ್ತದೆಯೇ, ಆಟದ ತಂತ್ರ ಏನು (ಎದುರಾಳಿಯ ಜಾಗಕ್ಕೆ ನುಗ್ಗುವುದೋ, ಬಲೆಯಾಚೆ ಚೆಂಡು ಕಳಿಸುವುದೋ, ಹೊಡೆದು ಓಡುವುದೋ, ಗುರಿ ಇಡುವುದೋ), ದೇಹಕ್ಕೆ ಶಕ್ತಿ ಯಾವ ದಾರಿಯಲ್ಲಿ ಬರುತ್ತದೆ, ಕೌಶಲ ತೆರೆದದ್ದೋ ಮುಚ್ಚಿದ್ದೋ (ಸುತ್ತಲಿನ ಸ್ಥಿತಿ ಬದಲಾಗುತ್ತಿರುತ್ತದೋ ಇಲ್ಲವೋ), ಫಲಿತಾಂಶ ಹೇಗೆ ತೀರ್ಮಾನವಾಗುತ್ತದೆ. ಒಳಾಂಗಣ, ಹೊರಾಂಗಣ ಎಂಬ ಏಳನೆಯದೂ ಚಾಲ್ತಿಯಲ್ಲಿದೆ. ಅದರಿಂದ ದೊಡ್ಡ ಪ್ರಯೋಜನವಿಲ್ಲ. ಶಟಲ್ ಬ್ಯಾಡ್ಮಿಂಟನ್ ನಮ್ಮ ಬಹುತೇಕ ಶಾಲೆಗಳಲ್ಲಿ ಬಯಲಲ್ಲೇ ನಡೆಯುತ್ತದೆ, ಕಬಡ್ಡಿ ಮ್ಯಾಟ್ ಹಾಸಿದ ಒಳಾಂಗಣ ಸೇರಿ ಎಷ್ಟೋ ವರ್ಷವಾಯಿತು.

3. ಕಬಡ್ಡಿಯ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸರಿಯಾಗಿ ಬರೆಯುವುದು ಹೇಗೆ?

ಆರೂ ಆಧಾರಗಳನ್ನು ಒಂದೇ ಆಟದ ಮೇಲೆ ಇಟ್ಟು ನೋಡಲು ಕಬಡ್ಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಸಂಖ್ಯೆ: ತಂಡದಲ್ಲಿ 12 ಜನ, ಅಂಕಣದಲ್ಲಿ 7. ಹಾಗಾಗಿ ಗುಂಪು ಆಟ. ಆದರೆ ದಾಳಿಯ ಹೊತ್ತಿಗೆ ಒಬ್ಬನ ಎದುರು ಏಳು ಮಂದಿ. ಗುಂಪು ಆಟದೊಳಗೆ ವೈಯಕ್ತಿಕ ಹೋರಾಟ ಇಷ್ಟು ಬೆತ್ತಲೆಯಾಗಿ ಕಾಣುವ ಆಟ ಕಡಿಮೆ.

ಸಂಪರ್ಕ: ಪೂರ್ಣ ಸಂಪರ್ಕದ ಆಟ. ಕಾಲು ಹಿಡಿಯುವುದು, ಸೊಂಟ ಹಿಡಿಯುವುದು, ಸರಪಳಿ ಹಾಕಿ ಕೆಡವುವುದು ನಿಯಮದ ಒಳಗೇ ಇದೆ.

ತಂತ್ರ: ಎದುರಾಳಿಯ ಅಂಕಣಕ್ಕೆ ಹೋಗಿ ಮುಟ್ಟಿ ಮರಳುವ ಆಟ. ಇದನ್ನು ಫುಟ್‌ಬಾಲ್, ಹಾಕಿಗಳ ಜೊತೆ ‘ಆಕ್ರಮಣದ ಆಟ’ ಎಂದು ಸೇರಿಸುವವರಿದ್ದಾರೆ. ಆದರೆ ಚೆಂಡಿಲ್ಲ, ಗೋಲಿಲ್ಲ, ಎರಡೂ ತಂಡ ಒಟ್ಟಿಗೆ ದಾಳಿ ಮಾಡುವುದೂ ಇಲ್ಲ. ‘ಮುಟ್ಟಾಟ’ ಎಂಬ ಬೇರೆ ಗುಂಪು ಮಾಡಿ ಅಲ್ಲಿಡುವುದೇ ಹೆಚ್ಚು ಸರಿ.

ಶಕ್ತಿ: ಇಲ್ಲಿಯೇ ಹೆಚ್ಚು ಮಂದಿ ಎಡವುವುದು. ಪುರುಷರ ಪಂದ್ಯ 20 ನಿಮಿಷದ ಎರಡು ಅವಧಿ, ಹಾಗಾಗಿ ಇದು ಆಮ್ಲಜನಕ ಬಳಸುವ ದೀರ್ಘ ಚಟುವಟಿಕೆ ಎಂದು ಬರೆದುಬಿಡುತ್ತಾರೆ. ಒಂದು ದಾಳಿಗೆ ಇರುವ ಸಮಯ 30 ಸೆಕೆಂಡ್. ಅದರಲ್ಲೂ ಜಿಗಿತ, ಒದೆತ, ಹಿಡಿತದಿಂದ ಕಿತ್ತುಕೊಳ್ಳುವುದು ಎಲ್ಲ ಕೊನೆಯ ಎರಡು ಮೂರು ಸೆಕೆಂಡಿನ ಮಾತು. ಆ ಕೆಲಸ ಆಮ್ಲಜನಕಕ್ಕೆ ಕಾಯುವುದಿಲ್ಲ. ದಾಳಿ ಮುಗಿಸಿ ಬಂದು ಮುಂದಿನ ದಾಳಿಯೊಳಗೆ ಉಸಿರು ಸುಧಾರಿಸಿಕೊಳ್ಳಲು ಮಾತ್ರ ಆಮ್ಲಜನಕದ ದಾರಿ ಬೇಕು. ಆಮ್ಲಜನಕ ಬಳಸುವ ದಾರಿ ವಾಯವಿಕ, ಅದಿಲ್ಲದೆ ನಡೆಯುವುದು ಅವಾಯವಿಕ. ಆದ್ದರಿಂದ ‘ಬಿಟ್ಟು ಬಿಟ್ಟು ನಡೆಯುವ ಅವಾಯವಿಕ ಚಟುವಟಿಕೆ, ಚೇತರಿಕೆ ವಾಯವಿಕ’ ಎಂದು ಬರೆಯಿರಿ. ಬರೀ ಮೈದಾನ ಸುತ್ತಿಸಿ ಕಬಡ್ಡಿ ತಂಡ ಕಟ್ಟಲಾಗದ ಕಾರಣವೂ ಇದೇ.

ಕೌಶಲ: ತೆರೆದದ್ದು. ಹಿಡಿಯುವವರು ಎಲ್ಲಿ ನಿಲ್ಲುತ್ತಾರೆ ಎಂಬುದು ದಾಳಿಗಾರನ ಕೈಯಲ್ಲಿಲ್ಲ.

ಫಲಿತಾಂಶ: ಅಂಕಗಳ ಲೆಕ್ಕ. ಎದುರಾಳಿ ತಂಡವನ್ನು ಪೂರ್ತಿ ಔಟ್ ಮಾಡಿದರೆ ಹೆಚ್ಚುವರಿ 2 ಅಂಕ, ಅದೇ ಲೋನಾ.

ಅಂಕಣ ಪುರುಷರಿಗೆ 13 x 10 ಮೀ., ಮಹಿಳೆಯರಿಗೆ 12 x 8 ಮೀ. ಕಬಡ್ಡಿ 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಿಂದ ಪುರುಷರಿಗೆ, 2010ರ ಗುವಾಂಗ್‌ಝೌ ಕೂಟದಿಂದ ಮಹಿಳೆಯರಿಗೆ ಪದಕದ ಸ್ಪರ್ಧೆ. ‘ದೇಸಿ ಆಟ’ವೋ ‘ಅಂತರರಾಷ್ಟ್ರೀಯ ಕ್ರೀಡೆ’ಯೋ ಎಂಬ ಪ್ರಶ್ನೆಗೆ ಎರಡೂ ಹೌದು.

4. ತಂತ್ರದ ಆಧಾರದ ನಾಲ್ಕು ಗುಂಪು ಯಾವುವು? ಖೋಖೋ ಎಲ್ಲಿ ಕೂರುತ್ತದೆ?

ಇಂಗ್ಲೆಂಡಿನ ಬಂಕರ್ ಮತ್ತು ಥಾರ್ಪ್ 1982ರಲ್ಲಿ ಮಂಡಿಸಿದ ಆಟ ಕಲಿಸುವ ವಿಧಾನದ ಜೊತೆಗೇ ಈ ನಾಲ್ಕು ಗುಂಪುಗಳು ಶಾಲೆಗಳಿಗೆ ಬಂದವು. ಆಕ್ರಮಣದವು: ಫುಟ್‌ಬಾಲ್, ಹಾಕಿ, ಬ್ಯಾಸ್ಕೆಟ್‌ಬಾಲ್, ಹ್ಯಾಂಡ್‌ಬಾಲ್. ಬಲೆಯವು: ವಾಲಿಬಾಲ್, ಥ್ರೋಬಾಲ್, ಶಟಲ್, ಬಾಲ್ ಬ್ಯಾಡ್ಮಿಂಟನ್, ಟೆನ್ನಿಕಾಯ್ಟ್, ಟೇಬಲ್ ಟೆನಿಸ್. ಹೊಡೆದು ಓಡುವವು: ಕ್ರಿಕೆಟ್, ಸಾಫ್ಟ್‌ಬಾಲ್, ನಮ್ಮ ಚಿನ್ನಿದಾಂಡು. ಗುರಿಯವು: ಬಿಲ್ಲುಗಾರಿಕೆ, ಗೋಲಿ, ಕೇರಂ.

ಈ ವಿಂಗಡಣೆಯ ನಿಜವಾದ ಲಾಭ ಬೋಧನೆಯಲ್ಲಿದೆ. ಒಂದು ಗುಂಪಿನೊಳಗೆ ಕಲಿತ ಬುದ್ಧಿ ಆ ಗುಂಪಿನ ಇನ್ನೊಂದು ಆಟಕ್ಕೆ ದಾಟುತ್ತದೆ. ಥ್ರೋಬಾಲ್‌ನಲ್ಲಿ ‘ಎದುರಿನವರು ಇಲ್ಲದ ಮೂಲೆ ನೋಡಿ ಹಾಕು’ ಎಂಬುದು ಮೈಗೂಡಿದ ಹುಡುಗಿಗೆ ವಾಲಿಬಾಲ್ ಅಂಕಣ ಅರ್ಥವಾಗಲು ಹೆಚ್ಚು ದಿನ ಬೇಕಿಲ್ಲ, ಬೆರಳಿನ ಕೆಲಸ ಮಾತ್ರ ಹೊಸದು. ಅದೇ ಹುಡುಗಿಯನ್ನು ಹ್ಯಾಂಡ್‌ಬಾಲ್‌ಗೆ ಇಳಿಸಿದರೆ ಎಲ್ಲಿ ಓಡಬೇಕೆಂದು ತಿಳಿಯದೆ ನಿಂತುಬಿಡುತ್ತಾಳೆ. ಎಸೆಯುವ ಕೈ ಅದೇ, ಆಟದ ಲೆಕ್ಕ ಬೇರೆ.

ಖೋಖೋ ಈ ನಾಲ್ಕರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಎಳೆದು ತಂದು ಆಕ್ರಮಣದ ಗುಂಪಿಗೆ ಸೇರಿಸಬೇಡಿ. ಎಂಟು ಮಂದಿ ಚೌಕದಲ್ಲಿ ಕೂತು, ಒಬ್ಬ ಬೆನ್ನಟ್ಟುವ ಆಟ. ಬೆನ್ನಟ್ಟುವವನು ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕು ಬದಲಿಸುವಂತಿಲ್ಲ. ಓಡುವವನಿಗೆ ಎರಡೂ ತಡೆಯಿಲ್ಲ. ಆಟದ ಜೀವವೇ ಈ ಅಸಮಾನತೆ. ಕಬಡ್ಡಿಯ ಜೊತೆ ಮುಟ್ಟಾಟದ ಗುಂಪಿನಲ್ಲಿಡಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್‌ನಲ್ಲಿ ಪುರುಷರ ಮತ್ತು ಮಹಿಳೆಯರ ಎರಡೂ ಕಪ್ ಭಾರತಕ್ಕೇ ಬಂದವು. ಪರೀಕ್ಷೆಯಲ್ಲಿ ಕೇಳಬಹುದಾದ ವಿಷಯ.

5. ಕ್ರಿಕೆಟ್ ಗುಂಪು ಆಟವೋ, ವೈಯಕ್ತಿಕವೋ?

ಗುಂಪು ಆಟ. ಆದರೆ ಬೌಲರ್ ಓಡಿ ಬಂದು ಚೆಂಡು ಬಿಡುವವರೆಗಿನದು ಪೂರ್ತಿ ಅವನೊಬ್ಬನ ಕೌಶಲ. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದೇ ಹೆಸರಾದ ಆರ್. ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ 2013-14, 2014-15ರಲ್ಲಿ ಸತತ ಎರಡು ಸಲ ರಣಜಿ ಟ್ರೋಫಿ ಗೆದ್ದಿತು. ಟ್ರೋಫಿ ತಂಡದ್ದು, ವಿಕೆಟ್ ಬೌಲರನ ಲೆಕ್ಕಕ್ಕೆ.

6. ಅಥ್ಲೆಟಿಕ್ಸ್ ಅಥವಾ ಮೇಲಾಟಗಳ ಒಳವಿಂಗಡಣೆಯಲ್ಲಿ ಮಕ್ಕಳು ಮಾಡುವ ತಪ್ಪುಗಳೇನು?

ಟ್ರ್ಯಾಕ್ ಅಂದರೆ ಓಟ, ಫೀಲ್ಡ್ ಅಂದರೆ ಜಿಗಿತ ಮತ್ತು ಎಸೆತ. ಇಷ್ಟು ಎಲ್ಲರಿಗೂ ಗೊತ್ತು. ತಪ್ಪುವುದು ಅಂಚಿನಲ್ಲಿ. ಹರ್ಡಲ್ಸ್‌ನಲ್ಲಿ ಹಾರುತ್ತಾರೆಂದು ಜಿಗಿತಕ್ಕೆ ಸೇರಿಸುತ್ತಾರೆ. ಅಲ್ಲಿ ಅಳೆಯುವುದು ಸಮಯವನ್ನು, ಎತ್ತರವನ್ನಲ್ಲ; ಅದು ಓಟ. ನಡಿಗೆ ಸ್ಪರ್ಧೆಯೂ ಫೀಲ್ಡ್ ಅಲ್ಲ. ರಿಲೇ ನಾಲ್ವರ ತಂಡದ ಸ್ಪರ್ಧೆಯಾದರೂ ಗುಂಪು ಆಟ ಅಲ್ಲ, ಎದುರಾಳಿಯ ಜೊತೆ ಆಡುವುದೇನೂ ಅಲ್ಲಿಲ್ಲ. 4 x 100 ಮೀ. ರಿಲೇಯಲ್ಲಿ ಬ್ಯಾಟನ್ ಬದಲಾಗುವ ವಲಯ 30 ಮೀ. ನೋಡಬೇಕಾದ್ದು ಬ್ಯಾಟನ್ ಎಲ್ಲಿದೆ ಎಂಬುದನ್ನು, ಓಟಗಾರನ ಕಾಲು ಎಲ್ಲಿದೆ ಎಂಬುದನ್ನಲ್ಲ. ಗೆರೆಯ ಬಳಿ ಕೂತ ತೀರ್ಪುಗಾರರು ಕಾಲು ನೋಡಿಕೊಂಡು ಬಾವುಟ ಎತ್ತುವುದರಿಂದ ಎಷ್ಟೋ ಜಗಳಗಳಾಗಿವೆ.

ಫೀಲ್ಡ್‌ನಲ್ಲಿ ಒಳಗುಂಪು ಇನ್ನೂ ಇದೆ. ಜಿಗಿತದಲ್ಲಿ ದೂರದವು ಎರಡು, ಉದ್ದ ಜಿಗಿತ ಮತ್ತು ಟ್ರಿಪಲ್ ಜಂಪ್. ಎತ್ತರದವು ಎರಡು, ಎತ್ತರ ಜಿಗಿತ ಮತ್ತು ಪೋಲ್ ವಾಲ್ಟ್. ಎಸೆತದಲ್ಲಿ ಗುಂಡು ತಳ್ಳುವಂಥದ್ದು, ಚಕ್ರ ಮತ್ತು ಹ್ಯಾಮರ್ ತಿರುಗಿ ಬೀಸುವಂಥವು, ಭರ್ಜಿ ಓಡಿ ಬಂದು ಎಸೆಯುವಂಥದ್ದು. ‘ಗುಂಡು ಎಸೆತ’ ಎಂದು ಬರೆಯುವುದು ರೂಢಿಯಾಗಿದೆ, ಅದೇ ಹೆಸರು ಮಕ್ಕಳ ಕೈಯನ್ನೂ ಕೆಡಿಸಿದೆ. ಗುಂಡು ಕುತ್ತಿಗೆಗೆ ತಾಗಿಕೊಂಡೇ ಇದ್ದು ಭುಜದ ಮುಂದಿನಿಂದ ತಳ್ಳಲ್ಪಡಬೇಕು. ಕ್ರಿಕೆಟ್ ಚೆಂಡಿನ ಹಾಗೆ ಭುಜದ ಹಿಂದೆ ಒಯ್ದು ಬೀಸಿದರೆ ಫೌಲ್, ಜೊತೆಗೆ ಮೊಣಕೈ ನೋವು.

ತೂಕವೂ ವಯಸ್ಸಿನ ವರ್ಗಕ್ಕೆ ತಕ್ಕಂತೆ. ಅಂತರರಾಷ್ಟ್ರೀಯ ಅಳತೆಯಲ್ಲಿ ಪುರುಷರ ಗುಂಡು 7.26 ಕೆ.ಜಿ., ಮಹಿಳೆಯರದ್ದು 4 ಕೆ.ಜಿ.; 18ರೊಳಗಿನ ಹುಡುಗರಿಗೆ 5, ಹುಡುಗಿಯರಿಗೆ 3 ಕೆ.ಜಿ. ಭರ್ಜಿ ಪುರುಷರಿಗೆ 800 ಗ್ರಾಂ, ಮಹಿಳೆಯರಿಗೆ 600. 18ರೊಳಗೆ 700 ಮತ್ತು 500. ಶಾಲಾ ಕ್ರೀಡಾಕೂಟದ ವಯೋಮಿತಿ 14, 17, 19 ವರ್ಷದೊಳಗೆ ಎಂದಿರುವುದರಿಂದ ಆಯಾ ವರ್ಷದ ಸುತ್ತೋಲೆಯಲ್ಲಿ ಬರೆದ ತೂಕವನ್ನೇ ಅಭ್ಯಾಸಕ್ಕೂ ಇಟ್ಟುಕೊಳ್ಳಿ. ಶಾಲೆಯಲ್ಲಿ ಇರುವುದೊಂದೇ ಗುಂಡು ಎಂದು ಎಂಟನೇ ಕ್ಲಾಸಿನ ಹುಡುಗನ ಕೈಗೆ 7.26ರದ್ದು ಕೊಡಬಾರದು.

ಉದ್ದ ಜಿಗಿತದ ಅಳತೆಯಲ್ಲಿ ಒಂದು ಮಾತು. ಮರಳಿನಲ್ಲಿ ಗೆರೆಗೆ ಅತಿ ಹತ್ತಿರ ಬಿದ್ದ ಗುರುತಿನಿಂದಲೇ ಅಳೆಯಬೇಕು, ಅದು ಹಿಂದಕ್ಕೆ ಊರಿದ ಕೈಯದ್ದಾದರೂ ಸರಿ. ಟೇಪು ಜಿಗಿತದ ಗೆರೆಗೆ ನೇರ ಲಂಬವಾಗಿರಬೇಕು, ಓರೆ ಹಿಡಿದರೆ ದೂರ ಸುಳ್ಳೇ ಹೆಚ್ಚುತ್ತದೆ.

7. ನಮ್ಮ ಮೈದಾನ ಚಿಕ್ಕದು. 200 ಮೀ. ಟ್ರ್ಯಾಕ್‌ನಲ್ಲಿ ಓಟಗಳನ್ನು ಹೇಗೆ ವಿಂಗಡಿಸುವುದು?

ಓಟಗಳಲ್ಲಿ ಮೂರು ಬಗೆ. ಕೊನೆಯವರೆಗೆ ಅವರವರ ಲೇನ್‌ನಲ್ಲೇ ಓಡುವವು 100, 200, 400 ಮೀ. ಸ್ವಲ್ಪ ದೂರ ಲೇನ್‌ನಲ್ಲಿ ಓಡಿ ಒಳಕ್ಕೆ ಸೇರುವುದು 800 ಮೀ. ಲೇನೇ ಇಲ್ಲದವು 1500 ಮೀ. ಮತ್ತು ಮೇಲಿನವು.

200 ಮೀ. ಟ್ರ್ಯಾಕ್‌ಗೆ ಒಂದು ಸುಲಭ ಲೆಕ್ಕ: ಎರಡು ನೇರ ಬದಿ 40 ಮೀ.ನಂತೆ 80, ಎರಡು ತಿರುವು ಸೇರಿ 120. ತಿರುವಿನ ಓಟದ ತ್ರಿಜ್ಯ 19.10 ಮೀ. ಓಡುವವರು ಒಳಗೆರೆಗೆ 20 ಸೆಂ.ಮೀ. ಬಿಟ್ಟು ಓಡುತ್ತಾರೆ ಎಂಬ ಲೆಕ್ಕವಿರುವುದರಿಂದ ಸುಣ್ಣದ ಗೆರೆ ಎಳೆಯುವ ತ್ರಿಜ್ಯ 18.90 ಮೀ. 1.22 ಮೀ. ಅಗಲದ ನಾಲ್ಕು ಲೇನ್ ಹಾಕಿದರೆ ಸುಮಾರು 88 x 48 ಮೀ. ಜಾಗ ಬೇಕು.

ಈಗ ಎಲ್ಲರೂ ತಪ್ಪುವ ಜಾಗ. ಒಂದು ಪೂರ್ತಿ ಸುತ್ತಿನ ಓಟಕ್ಕೆ ಹೊರಗಿನ ಪ್ರತಿ ಲೇನ್‌ನವರನ್ನು ಒಳಗಿನವರಿಗಿಂತ 7.67 ಮೀ. ಮುಂದೆ ನಿಲ್ಲಿಸಬೇಕು, ಲೇನ್ ಅಗಲವನ್ನು 6.283ರಿಂದ ಗುಣಿಸಿದರೆ ಬರುವ ಸಂಖ್ಯೆ ಅದು. ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ 200 ಮೀ. ಓಡಿಸಿದರೆ ನಾಲ್ಕನೇ ಲೇನ್‌ನ ಹುಡುಗ 23 ಮೀ. ಹೆಚ್ಚು ಓಡುತ್ತಾನೆ. ಪಾಪ, ಅವನು ಕೊನೆಗೆ ಬಂದದ್ದಕ್ಕೆ ಬೈಸಿಕೊಳ್ಳುವುದೂ ಉಂಟು. ಅದೇ ಟ್ರ್ಯಾಕ್‌ನಲ್ಲಿ 400 ಮೀ.ಯನ್ನು ಲೇನ್‌ನಲ್ಲೇ ಓಡಿಸಿದರೆ ಸುತ್ತು ಎರಡಾಗುವುದರಿಂದ ಅಂತರವೂ ಎರಡು ಪಟ್ಟು. ಜಾಗ ಸಾಲದೆ ಲೇನನ್ನು 1 ಮೀ.ಗೆ ಇಳಿಸಿದರೆ ಸುತ್ತಿಗೆ 6.28 ಮೀ.

400 ಮೀ. ಟ್ರ್ಯಾಕ್‌ನ ಪುಸ್ತಕಗಳಲ್ಲಿ ಎರಡನೇ ಲೇನ್‌ಗೆ 7.04 ಮೀ. ಎಂದಿರುತ್ತದೆ. ಒಳಬದಿಯಲ್ಲಿ ಎತ್ತರದ ಅಂಚುಕಟ್ಟೆ ಇರುವ ಟ್ರ್ಯಾಕ್‌ನಲ್ಲಿ ಒಂದನೇ ಲೇನ್ ಅಳೆಯುವುದು 30 ಸೆಂ.ಮೀ. ಬಿಟ್ಟು, ಅದಕ್ಕೇ ಆ ವ್ಯತ್ಯಾಸ. ಸುಣ್ಣದ ಗೆರೆಯಷ್ಟೇ ಇರುವ ಶಾಲಾ ಮೈದಾನಕ್ಕೆ ಆ 7.04 ಹೊಂದುವುದಿಲ್ಲ.

ಗೂಟ ಹೊಡೆದು ತಿರುವು ಎಳೆಯಲು ನೈಲಾನ್ ಹಗ್ಗ ಬೇಡ, ಎಳೆದಷ್ಟೂ ಉದ್ದವಾಗುತ್ತದೆ. ಸ್ಟೀಲ್ ಟೇಪ್ ಅಥವಾ ಕಟ್ಟುತಂತಿ ಬಳಸಿ. ಗೆರೆಗೆ ಸುಡುವ ಸುಣ್ಣದ ಬದಲು ಚಾಕ್ ಪೌಡರ್ ಒಳ್ಳೆಯದು, ಕಣ್ಣಿಗೆ ಹಾರಿದಾಗ ಸುಣ್ಣ ಸುಡುತ್ತದೆ. 100 ಮೀ. ಮಾತ್ರ ಈ ಟ್ರ್ಯಾಕ್‌ನಲ್ಲಿ ಆಗದು, ಓಟ ಮುಗಿದ ಮೇಲೆ ನಿಲ್ಲಲು ಜಾಗವೂ ಸೇರಿ 120 ಮೀ. ನೇರ ನೆಲ ಬೇಕು. ಮುಗಿಯುವ ಗೆರೆಯಿಂದ ಐದು ಹೆಜ್ಜೆಗೆ ಕಾಂಪೌಂಡ್ ಗೋಡೆ ಇರುವ ಕಡೆ 100 ಮೀ. ಇಡಲೇಬೇಡಿ.

8. ವಾಯವಿಕ, ಅವಾಯವಿಕ ಎಂದು ಹೇಗೆ ಗುರುತಿಸುವುದು?

ಸಮಯ ಮತ್ತು ಜೋರು ಎರಡನ್ನೂ ನೋಡಬೇಕು. ಪೂರ್ತಿ ಶಕ್ತಿ ಹಾಕಿದ ಕೆಲಸ ಸುಮಾರು 10 ಸೆಕೆಂಡಿನೊಳಗೆ ಮುಗಿದರೆ ಸ್ನಾಯುವಿನಲ್ಲಿ ಸಿದ್ಧವಿರುವ ಶಕ್ತಿಯೇ ಸಾಕು: ಗುಂಡು, ಜಿಗಿತ, 50 ಮೀ. ಓಟ. ಅಲ್ಲಿಂದ ಒಂದೂವರೆ, ಎರಡು ನಿಮಿಷದವರೆಗೆ ಹೆಚ್ಚಿನ ಪಾಲು ಆಮ್ಲಜನಕವಿಲ್ಲದೆ ಸಕ್ಕರೆ ಒಡೆಯುವ ದಾರಿಯದ್ದು, 400 ಮೀ. ಇದಕ್ಕೆ ಸರಿಯಾದ ಉದಾಹರಣೆ. ಆಮೇಲಿನದೆಲ್ಲ ಬಹುಪಾಲು ವಾಯವಿಕ. ಮೂರೂ ದಾರಿಗಳು ಸದಾ ಒಟ್ಟಿಗೆ ನಡೆಯುತ್ತಿರುತ್ತವೆ, ಬದಲಾಗುವುದು ಪಾಲು ಮಾತ್ರ. 800 ಮೀ. ನಡುವೆ ನಿಂತಿದೆ, ಅದನ್ನು ಒಂದೇ ಕಡೆ ಬರೆದರೆ ತಪ್ಪು.

ತರಗತಿಯಲ್ಲೇ ಅಳೆದು ನೋಡಬಹುದು. ಎರಡು ನಿಮಿಷ ಸ್ಕಿಪ್ಪಿಂಗ್ ಮಾಡಿಸಿ, ನಿಂತ ಕೂಡಲೇ ಮಣಿಕಟ್ಟಿನಲ್ಲಿ ತೋರುಬೆರಳು, ನಡುಬೆರಳು ಇಟ್ಟು 10 ಸೆಕೆಂಡ್ ನಾಡಿ ಎಣಿಸಿ 6ರಿಂದ ಗುಣಿಸಲಿ. ಹೆಬ್ಬೆರಳು ಇಡಬಾರದು, ಅದರದ್ದೇ ನಾಡಿ ಮಿಡಿದು ಲೆಕ್ಕ ಕೆಡುತ್ತದೆ. ಅರ್ಧ ನಿಮಿಷ ಮಾತಾಡಿ ಎಣಿಸಿದರೂ ಸಂಖ್ಯೆ ಬಿದ್ದುಹೋಗುತ್ತದೆ. 220ರಲ್ಲಿ ವಯಸ್ಸು ಕಳೆಯುವ ಸೂತ್ರದಲ್ಲಿ 14 ವರ್ಷದವರಿಗೆ 206. ಅದರ 60ರಿಂದ 80 ಶೇಕಡಾ ಅಂದರೆ ನಿಮಿಷಕ್ಕೆ 124ರಿಂದ 165, ಹತ್ತು ಸೆಕೆಂಡಿಗೆ 21ರಿಂದ 27. ಮಕ್ಕಳಲ್ಲಿ ಈ ಸೂತ್ರ ಬರೀ ಅಂದಾಜು. ಇನ್ನೂ ಸರಳ ಪರೀಕ್ಷೆ ಬೇಕೇ? ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂದರೆ ಸಾಧಾರಣ ಜೋರು. ಎರಡು ಮೂರು ಪದಕ್ಕೇ ಉಸಿರು ಕಟ್ಟಿದರೆ ಹೆಚ್ಚಿನ ಜೋರು.

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಸಾಧಾರಣದಿಂದ ಹೆಚ್ಚಿನ ಜೋರಿನ ಚಟುವಟಿಕೆ ಹೇಳಿದೆ. ವಾರದ ಎರಡು ಪಿ.ಟಿ. ಪೀರಿಯಡ್ ಅದಕ್ಕೆ ಸಾಲದು ಎಂದು ಲೆಕ್ಕ ಹಾಕಿ ಹೇಳಬೇಕಿಲ್ಲ. ಅಂದ ಹಾಗೆ, ಸ್ಪರ್ಧೆಯ ದಿನ ಊರಿನ ಬೆಣ್ಣೆ ದೋಸೆ ಓಟ ಮುಗಿದ ಮೇಲಿರಲಿ. ಜಿಡ್ಡು ಹೊಟ್ಟೆಯಿಂದ ಇಳಿಯಲು ಹೊತ್ತು ಬೇಕು, ಓಟಕ್ಕೆ ಎರಡು ಮೂರು ಗಂಟೆ ಮೊದಲು ಇಡ್ಲಿ, ಬಾಳೆಹಣ್ಣು ಸಾಕು.

9. ತೆರೆದ ಕೌಶಲ, ಮುಚ್ಚಿದ ಕೌಶಲ ಅಂದರೇನು?

ಸುತ್ತಲಿನ ಸ್ಥಿತಿ ಕ್ಷಣಕ್ಕೊಮ್ಮೆ ಬದಲಾಗುತ್ತಿದ್ದರೆ ತೆರೆದದ್ದು, ಬದಲಾಗದಿದ್ದರೆ ಮುಚ್ಚಿದ್ದು. ಬ್ಯಾಸ್ಕೆಟ್‌ಬಾಲ್ ಫ್ರೀ ಥ್ರೋ ಮುಚ್ಚಿದ್ದು: 3.05 ಮೀ. ಎತ್ತರದ ರಿಂಗ್ ಎಲ್ಲೂ ಹೋಗುವುದಿಲ್ಲ, ತಡೆಯುವವರಿಲ್ಲ. ಅದೇ ಹುಡುಗ ಡ್ರಿಬಲ್ ಮಾಡುತ್ತಾ ನುಗ್ಗಿದರೆ ತೆರೆದದ್ದು. ಹಾಗಾಗಿ ಆಟವನ್ನು ಪೂರ್ತಿಯಾಗಿ ಒಂದು ಗುಂಪಿಗೆ ಸೇರಿಸುವ ಬದಲು ಅದರೊಳಗಿನ ಒಂದೊಂದು ಕೌಶಲವನ್ನು ಸೇರಿಸಿ. ಮುಚ್ಚಿದ್ದಕ್ಕೆ ಒಂದೇ ರೀತಿ ನೂರು ಸಲ ಮಾಡಿಸುವುದು ಫಲ ಕೊಡುತ್ತದೆ. ತೆರೆದದ್ದಕ್ಕೆ ಎದುರಾಳಿಯನ್ನಿಟ್ಟು, ಜಾಗ ಬದಲಿಸಿ ಮಾಡಿಸಬೇಕು.

10. ಸಂಪರ್ಕವಿಲ್ಲದ ಆಟದಲ್ಲಿ ಪೆಟ್ಟಾಗುವುದಿಲ್ಲವೇ?

ಆಗುತ್ತದೆ. ಪೂರ್ಣ ಸಂಪರ್ಕ (ಕುಸ್ತಿ, ಕಬಡ್ಡಿ, ಜೂಡೊ), ಅಲ್ಪ ಸಂಪರ್ಕ (ವಾಲಿಬಾಲ್, ಖೋಖೋ), ಸಂಪರ್ಕರಹಿತ (ಶಟಲ್, ಓಟ, ಎಸೆತ) ಎಂಬ ವಿಂಗಡಣೆ ಮೈಗೆ ಮೈ ತಾಗುವುದನ್ನು ಮಾತ್ರ ಹೇಳುತ್ತದೆ. ಭರ್ಜಿ ಸಂಪರ್ಕರಹಿತ, ಆದರೆ ಶಾಲೆಯ ಮೈದಾನದಲ್ಲಿ ಅದಕ್ಕಿಂತ ಅಪಾಯದ ವಸ್ತು ಇಲ್ಲ. ಎಲ್ಲರೂ ಎಸೆದು ಮುಗಿದ ಮೇಲೆ, ಹೇಳಿದ ನಂತರವೇ ತರಲು ಹೋಗಬೇಕು. ತರುವಾಗ ಮೊನೆ ನೆಲಕ್ಕೆ ಮಾಡಿ ನೆಟ್ಟಗೆ ಹಿಡಿದು ನಡೆದು ಬರಬೇಕು, ಅಲ್ಲಿಂದಲೇ ವಾಪಸ್ ಎಸೆಯಬಾರದು. ಚಿನ್ನಿದಾಂಡು ಆಡಿಸುವುದಾದರೆ ಚಿನ್ನಿಯ ತುದಿ ಮೊಂಡು ಮಾಡಿ, ಹಿಡಿಯುವವರನ್ನು ದೂರ ನಿಲ್ಲಿಸಿ. ಕಣ್ಣಿಗೆ ಬಡಿದರೆ ತಿದ್ದಲಾಗದು. ಕಬಡ್ಡಿಗೆ ಮುಂಚೆ ಉಗುರು ನೋಡಿ, ಕೈದಾರ, ಕಿವಿಯೋಲೆ ತೆಗೆಸಿ.

ಹರಿಹರದ ಕಡೆಯ ಎರೆನೆಲದಲ್ಲಿ ಬೇಸಿಗೆಗೆ ಬಿರುಕು ಬಿಟ್ಟು ಕಾಲು ಸಿಕ್ಕಿ ಉಳುಕುತ್ತದೆ. ದುರ್ಗದ ಸುತ್ತಿನ ಗರಸಿನ ನೆಲದಲ್ಲಿ ಬಿದ್ದರೆ ಮೊಣಕಾಲು ತರಚುತ್ತದೆ. ಮೊದಲನೆಯದಕ್ಕೆ ಬಿರುಕು ತುಂಬಿಸಿ ನೀರು ಹಾಕಿ ರೋಲರ್ ಹೊಡೆಸಬೇಕು, ಎರಡನೆಯದಕ್ಕೆ ಆಡುವ ಮುಂಚೆ ಕಲ್ಲು ಆರಿಸಬೇಕು.

ಎತ್ತರ ಜಿಗಿತದಲ್ಲೂ ಇದೇ ಎಚ್ಚರ. ಡಿಕ್ ಫಾಸ್‌ಬರಿ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಬೆನ್ನು ಹಾಯಿಸಿ ಗೆದ್ದ ಶೈಲಿ ಫೋಮ್ ಬೆಡ್ ಇದ್ದರೆ ಮಾತ್ರ. ಮರಳಿನ ಗುಂಡಿಯಷ್ಟೇ ಇರುವಲ್ಲಿ ಕಾಲ ಮೇಲೆ ಇಳಿಯುವ ಕತ್ತರಿ ಶೈಲಿ ಕಲಿಸಿ.

11. ಲಗೋರಿ, ಕುಂಟೆಬಿಲ್ಲೆ, ಬುಗುರಿಗಳನ್ನು ವರ್ಗೀಕರಿಸಬಹುದೇ?

ಖಂಡಿತ, ಅವುಗಳಲ್ಲೇ ಕಲಿಯುವುದು ಹೆಚ್ಚು. ಲಗೋರಿ ಒಂದೇ ಆಟದಲ್ಲಿ ಗುಂಪು ಬದಲಿಸುತ್ತದೆ: ಏಳು ಕಲ್ಲಿನ ಗೋಪುರಕ್ಕೆ ಚೆಂಡು ಬೀಸುವವರೆಗೆ ಗುರಿಯ ಆಟ, ಮುಚ್ಚಿದ ಕೌಶಲ. ಕಲ್ಲು ಚೆದುರಿದ ಮರುಕ್ಷಣ ಅಟ್ಟಾಡಿಸಿ ಹೊಡೆಯುವ ಆಟ, ತೆರೆದ ಕೌಶಲ. ಮತ್ತೆ ಕಲ್ಲು ಪೇರಿಸುವಾಗ ಕೈಬೆರಳಿನ ಸೂಕ್ಷ್ಮ ಚಲನೆ, ಅದೂ ಏದುಸಿರಿನಲ್ಲಿ. ಕುಂಟೆಬಿಲ್ಲೆ ವೈಯಕ್ತಿಕ, ಸಂಪರ್ಕರಹಿತ, ಸಮತೋಲನದ ಆಟ. ಬಿಲ್ಲೆ ಹಾಕುವುದು ಗುರಿ, ಕುಂಟುವುದು ಚಲನೆ. ಎಡಗಾಲಲ್ಲೂ ಆಡಿಸಿ, ಬಲಗಾಲಲ್ಲಿ ಸಲೀಸಾಗಿ ದಾಟುವವರೂ ತಡವರಿಸುವುದು ಕಾಣುತ್ತದೆ. ಬುಗುರಿ, ಗೋಲಿ ಗುರಿಯವು. ಮರಕೋತಿ ಮುಟ್ಟಾಟ. ಚೌಕಾಬಾರ, ಅಳಿಗುಳಿಮಣೆ ಕೂತು ಆಡುವ ಬುದ್ಧಿಯಾಟಗಳು, ದೈಹಿಕ ಚಟುವಟಿಕೆಯ ಲೆಕ್ಕಕ್ಕೆ ಬರುವುದಿಲ್ಲ.

12. ಹಾಗಾದರೆ ಚೆಸ್, ಯೋಗ?

ಚೆಸ್ ಕ್ರೀಡೆ ಹೌದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 1999ರಲ್ಲಿ ಅದರ ಒಕ್ಕೂಟಕ್ಕೆ ಮಾನ್ಯತೆ ಕೊಟ್ಟಿದೆ. ದೈಹಿಕ ಚಟುವಟಿಕೆ ಅಲ್ಲ. ಯೋಗಾಸನ ಇದಕ್ಕೆ ತಿರುಗುಮುರುಗು: ಮೂಲದಲ್ಲಿ ಸ್ಪರ್ಧೆಯಲ್ಲದ ಅಭ್ಯಾಸ, 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಯೋಗಾಸನವನ್ನು ಸ್ಪರ್ಧಾತ್ಮಕ ಕ್ರೀಡೆಯೆಂದು ಮಾನ್ಯ ಮಾಡಿತು. ಜಿಮ್ನಾಸ್ಟಿಕ್ಸ್‌ನಂತೆ ತೀರ್ಪುಗಾರರ ಅಂಕದಿಂದ ಫಲಿತಾಂಶ. ಲೇಜಿಮ್, ಡಂಬೆಲ್ಸ್ ಕವಾಯತು, ಕೋಲಾಟ ‘ಲಯಬದ್ಧ ಚಟುವಟಿಕೆಗಳು’ ಎಂಬ ಬೇರೆ ಸಾಲಿಗೆ ಬರೆಯಿರಿ.

13. ಜಾತ್ರೆಯ ಕುಸ್ತಿಯೂ ಒಲಿಂಪಿಕ್ ಕುಸ್ತಿಯೂ ಒಂದೇ ವರ್ಗವೇ?

ದಾವಣಗೆರೆಯ ಗರಡಿಮನೆಗಳ ಮಕ್ಕಳು ಕೇಳಲೇಬೇಕಾದ ಪ್ರಶ್ನೆ. ಎರಡೂ ವೈಯಕ್ತಿಕ, ಪೂರ್ಣ ಸಂಪರ್ಕದ ಹೋರಾಟದ ಕ್ರೀಡೆ. ಬೇರೆಯಾಗುವುದು ಫಲಿತಾಂಶದ ಆಧಾರದಲ್ಲಿ. ದುಗ್ಗಮ್ಮನ ಜಾತ್ರೆಯಂಥ ಕಡೆ ಮಣ್ಣಿನ ಅಖಾಡದಲ್ಲಿ ಎದುರಾಳಿಯನ್ನು ಚಿತ್ ಮಾಡಿದವನೇ ಗೆದ್ದ. ಮ್ಯಾಟ್ ಮೇಲಿನ ಕುಸ್ತಿಯಲ್ಲಿ 9 ಮೀ. ವ್ಯಾಸದ ವೃತ್ತ, 3 ನಿಮಿಷದ ಎರಡು ಅವಧಿ, ನಡುವೆ 30 ಸೆಕೆಂಡ್ ವಿರಾಮ. ಚಿತ್ ಆಗದಿದ್ದರೂ ಅಂಕದ ಮೇಲೆ ಗೆಲ್ಲಬಹುದು, ಫ್ರೀಸ್ಟೈಲ್‌ನಲ್ಲಿ 10 ಅಂಕ ಮುಂದಾದರೆ ಅಲ್ಲಿಗೇ ಮುಗಿಯಿತು. ಗ್ರೀಕೊ ರೋಮನ್ ಎಂಬ ಇನ್ನೊಂದು ಶೈಲಿಯಲ್ಲಿ ಸೊಂಟದ ಕೆಳಗೆ ಹಿಡಿಯುವಂತಿಲ್ಲ. ಮಣ್ಣಿನಿಂದ ಮ್ಯಾಟಿಗೆ ಬಂದ ಹುಡುಗರು ಮೊದಮೊದಲು ಸೋಲುವುದು ಬಲ ಸಾಲದೆ ಅಲ್ಲ. ಚಿತ್ ಮಾಡುವ ಪಟ್ಟಿಗಾಗಿ ಕಾಯುತ್ತಾ ಒಂದೊಂದೇ ಅಂಕ ಬಿಟ್ಟುಕೊಡುತ್ತಾರೆ.

14. ದುರ್ಗದ ಕೋಟೆ ಹತ್ತುವುದು, ಈಜು, ಚಾರಣ ಯಾವ ಗುಂಪು?

ಸಾಹಸ ಮತ್ತು ಹೊರಾಂಗಣ ಚಟುವಟಿಕೆಗಳು. ಜೋಗಿಮಟ್ಟಿಗೆ ನಡೆದು ಹತ್ತುವುದು ವಾಯವಿಕ ಚಟುವಟಿಕೆ, ಸ್ಪರ್ಧೆಯಲ್ಲ. ಗೋಡೆ ಏರುವ ಸ್ಪೋರ್ಟ್ ಕ್ಲೈಂಬಿಂಗ್ ಟೋಕಿಯೊ ಕೂಟದಿಂದ ಒಲಿಂಪಿಕ್ ಕ್ರೀಡೆ. ಕೋತಿರಾಜ್ ಎಂದು ಹೆಸರಾದ ಜ್ಯೋತಿರಾಜ್ ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಏರುವುದನ್ನು ಕಂಡು ಮಕ್ಕಳು ಹಗ್ಗವಿಲ್ಲದೆ ಅನುಕರಿಸಬಾರದು. ಈಜು ವೈಯಕ್ತಿಕ ಜಲಕ್ರೀಡೆ. ಭದ್ರಾ ನಾಲೆಯಲ್ಲಿ ಇಳಿಯುವುದು ಮಾತ್ರ ಯಾವ ವರ್ಗಕ್ಕೂ ಸೇರದು: ಕಾಂಕ್ರೀಟ್ ಇಳಿಜಾರು ಪಾಚಿಗಟ್ಟಿ ಜಾರುತ್ತದೆ, ಈಜು ಬಲ್ಲವರಿಗೂ ಹತ್ತಿ ಬರಲು ಹಿಡಿ ಸಿಗುವುದಿಲ್ಲ.

15. ಅಂಗವೈಕಲ್ಯವಿರುವ ವಿದ್ಯಾರ್ಥಿಗಳನ್ನು ಯಾವ ವರ್ಗದಲ್ಲಿ ಬರೆಯಬೇಕು?

ಪ್ಯಾರಾ ಕ್ರೀಡೆಯಲ್ಲಿ ವರ್ಗೀಕರಣ ಎಂಬ ಪದಕ್ಕೆ ಬೇರೆಯೇ ಅರ್ಥ; ಅಲ್ಲಿ ವರ್ಗಕ್ಕೆ ಸೇರಿಸುವುದು ಆಟವನ್ನಲ್ಲ, ಆಟಗಾರರನ್ನು. ಅಥ್ಲೆಟಿಕ್ಸ್‌ನಲ್ಲಿ ‘ಟಿ’ ಎಂದರೆ ಟ್ರ್ಯಾಕ್, ‘ಎಫ್’ ಎಂದರೆ ಫೀಲ್ಡ್. ಅಕ್ಷರದ ಮುಂದಿನ ಸಂಖ್ಯೆ ಊನದ ಬಗೆ ಹೇಳುತ್ತದೆ: 11ರಿಂದ 13 ದೃಷ್ಟಿದೋಷ, 20 ಬೌದ್ಧಿಕ, 30ರ ಸಾಲು ಸ್ನಾಯುಗಳ ಹೊಂದಾಣಿಕೆಯ ತೊಂದರೆ, 40ರ ಸಾಲು ಕುಳ್ಳುತನ ಮತ್ತು ಕೈಕಾಲಿನ ಊನ, 50ರ ಸಾಲು ಗಾಲಿಕುರ್ಚಿ ಅಥವಾ ಕೂತು ಎಸೆಯುವವರು, 60ರ ಸಾಲು ಕೃತಕ ಕಾಲು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎಫ್42 ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದರು. ಶಾಲೆಯಲ್ಲಿ ಈ ಸಂಖ್ಯೆಯನ್ನು ನೀವೇ ಕೊಡಬೇಡಿ, ಅದಕ್ಕೆ ತರಬೇತಾದ ವರ್ಗೀಕರಣಕಾರರಿರುತ್ತಾರೆ. ನೀವು ಮಾಡಬೇಕಾದ್ದು ‘ಪಿ.ಟಿ.ಯಿಂದ ವಿನಾಯಿತಿ’ ಎಂದು ಬರೆದು ಮೂಲೆಯಲ್ಲಿ ಕೂರಿಸದಿರುವುದು. ಗೆಜ್ಜೆ ಕಟ್ಟಿದ ಚೆಂಡು, ಕೂತು ಆಡುವ ಥ್ರೋಬಾಲ್ ಎರಡಕ್ಕೂ ಖರ್ಚಿಲ್ಲ.

16. ಫಿಟ್ ಇಂಡಿಯಾ ಪರೀಕ್ಷೆಗಳು ಯಾವ ಸಾಮರ್ಥ್ಯವನ್ನು ಅಳೆಯುತ್ತವೆ?

9ರಿಂದ 18 ವರ್ಷದವರಿಗೆ: 50 ಮೀ. ಓಟ ವೇಗವನ್ನು, 600 ಮೀ. ಓಟ ಅಥವಾ ನಡಿಗೆ ಹೃದಯ ಶ್ವಾಸಕೋಶದ ತಾಳಿಕೆಯನ್ನು, ಕೂತು ಮುಂದಕ್ಕೆ ಬಾಗುವುದು ನಮ್ಯತೆಯನ್ನು, ಪಾರ್ಶಿಯಲ್ ಕರ್ಲ್ ಅಪ್ (ಮಲಗಿ ಅರ್ಧ ಏಳುವುದು) ಹೊಟ್ಟೆಯ ಬಲವನ್ನು, ಪುಷ್ ಅಪ್ ತೋಳು ಭುಜದ ಬಲವನ್ನು, ಜೊತೆಗೆ ಎತ್ತರಕ್ಕೆ ತಕ್ಕ ತೂಕ ನೋಡುವ ಬಿ.ಎಂ.ಐ. 5ರಿಂದ 8 ವರ್ಷದವರಿಗೆ ಒಂಟಿಕಾಲ ಸಮತೋಲನ ಮತ್ತು ತಟ್ಟೆ ತಟ್ಟುವ ಪರೀಕ್ಷೆ. ಬಾಗುವ ಪರೀಕ್ಷೆಯಲ್ಲಿ ಮೊಣಕಾಲು ಎತ್ತಿದರೆ ಆ ಸಲದ ಅಳತೆ ಬರೆಯಬಾರದು.

17. ರೆಕಾರ್ಡ್ ಪುಸ್ತಕದಲ್ಲಿ ಹೇಗೆ ಬರೆದರೆ ಪೂರ್ತಿ ಅಂಕ ಸಿಗುತ್ತದೆ?

ಎಡ ಪುಟದಲ್ಲಿ ಅಂಕಣದ ಚಿತ್ರ, ಅಳತೆ ಸಮೇತ. ಬಲ ಪುಟದಲ್ಲಿ ಆರು ಸಾಲು, ಪ್ರತಿ ಸಾಲಿನಲ್ಲಿ ಮೂರು ಮನೆ: ಆಧಾರ, ಗುಂಪು, ಕಾರಣ. ಮೂರನೇ ಮನೆ ಖಾಲಿ ಬಿಟ್ಟರೆ ಮಿಕ್ಕ ಎರಡನ್ನು ಗೈಡಿನಿಂದ ಇಳಿಸಿದ್ದು ಎಂದು ನೋಡಿದವರಿಗೆ ಗೊತ್ತಾಗುತ್ತದೆ. ವಾಲಿಬಾಲ್‌ಗೆ ಮಾದರಿ: ‘ತಂತ್ರ, ಬಲೆಯ ಆಟ, 9 x 9 ಮೀ.ನ ಎದುರಾಳಿ ಅಂಕಣದ ಖಾಲಿ ಜಾಗಕ್ಕೆ ಚೆಂಡು ಬೀಳಿಸಬೇಕು, ಆ ಅಂಕಣದೊಳಗೆ ಹೋಗಿ ಆಡುವಂತಿಲ್ಲ.’ ಬಲೆಯ ಎತ್ತರ ಪುರುಷರಿಗೆ 2.43, ಮಹಿಳೆಯರಿಗೆ 2.24 ಮೀ.; ಇವೆರಡನ್ನು ಅದಲು ಬದಲು ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಶಟಲ್ ಬಲೆ ನಡುವೆ 1.524, ಕಂಬದ ಬಳಿ 1.55 ಮೀ. ಒಂದು ಆಟ ಎರಡು ಗುಂಪಿಗೆ ಸೇರುವಂತಿದ್ದರೆ ಎರಡನ್ನೂ ಬರೆದು ಯಾವ ಭಾಗ ಯಾವುದಕ್ಕೆಂದು ಹೇಳಿ, ಲಗೋರಿಯಲ್ಲಿ ಮಾಡಿದ ಹಾಗೆ. ಪೆನ್ಸಿಲಿನಲ್ಲಿ ಎಳೆದ ಅಂಕಣಕ್ಕೆ ಪೆನ್ನಿನಲ್ಲಿ ಅಳತೆ ಬರೆಯಿರಿ, ಒರೆಸಿದರೂ ಅಳತೆ ಉಳಿಯುತ್ತದೆ.